ಮದುವೆ ಮುರಿದ ಮೇಲೂ ಮುಗಿಯದ ಹಸುಗಳ ಲೆಕ್ಕ

ಮಾನ್ಯ ಸಂಪಾದಕರೇ,

ಆಫ್ರಿಕಾದ ಮದುವೆ ಅಂದ ಕೂಡಲೇ ‘ಅಲ್ಲಿ ಹಸು ಕೊಟ್ಟು ಹೆಣ್ಣು ಕೊಳ್ಳುತ್ತಾರೆ’ ಎಂದು ಹಲವರು ಮಾತು ಮುಗಿಸಿಬಿಡುತ್ತಾರೆ. ಐವತ್ತಕ್ಕೂ ಜಾಸ್ತಿ ದೇಶಗಳಿಗೆ ಒಂದೇ ಪದ್ಧತಿ ಇರುತ್ತದೆಯೇ? ತೆರ, ಅಂದರೆ ಗಂಡಿನವರು ಹೆಣ್ಣಿನ ಮನೆಗೆ ಕೊಡುವ ಹಣ ಅಥವಾ ದನಕರು, ಕೊಟ್ಟು ಮದುವೆಯಾಗುವುದು ನಮ್ಮ ಎಷ್ಟೋ ಸಮುದಾಯಗಳಲ್ಲೂ ಇತ್ತಲ್ವಾ? ನನ್ನ ತಕರಾರು ತೆರದ ಬಗ್ಗೆ ಅಲ್ಲ, ಮದುವೆ ಮುರಿದ ಮೇಲೆ ಶುರುವಾಗುವ ಲೆಕ್ಕದ ಬಗ್ಗೆ.

ಉಗಾಂಡಾವನ್ನೇ ನೋಡಿ. ಹಲವು ಕಡೆ ಗಂಡಿನವರು ಹಸು, ಆಡು, ಹಣ ಕೊಡುತ್ತಾರೆ. ಹೆಂಡತಿ ಬಿಟ್ಟು ಬಂದರೆ ತವರಿನವರು ಅದನ್ನು ವಾಪಸ್ ಕೊಡಬೇಕು ಎಂಬುದು ಹಳೆಯ ಕಟ್ಟಳೆ. ಬಂದ ಹಸುಗಳು ಅವಳ ಅಣ್ಣನ ಮದುವೆಗೆ ಹೋಗಿದ್ದರೆ ಅಪ್ಪ ಎಲ್ಲಿಂದ ತಂದಾನು? ‘ಹೇಗೋ ಹೊಂದಿಕೊಂಡು ಹೋಗು ಮಗಳೇ’ ಅನ್ನುತ್ತಾನೆ. ಹೊಡೆತ ತಿಂದು ಬಂದವಳು ಮತ್ತೆ ಅದೇ ಮನೆಗೆ ಹೋಗಬೇಕು.

ಮಿಫುಮಿ ಎಂಬ ಸಂಸ್ಥೆ ಇದನ್ನು ಕೋರ್ಟಿಗೆ ಒಯ್ದಿತು. 2010ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. 2015ರಲ್ಲಿ ಸುಪ್ರೀಂ ಕೋರ್ಟ್ ತೆರ ಕೊಡುವುದನ್ನು ಹಾಗೇ ಉಳಿಸಿ, ವಾಪಸ್ ಕೇಳುವುದು ಮಾತ್ರ ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟು ವರ್ಷ ಅವಳು ಸಂಸಾರಕ್ಕೆ ದುಡಿದದ್ದಕ್ಕೆ ಬೆಲೆಯೇ ಇಲ್ಲವೇ ಎಂಬುದು ಕೋರ್ಟ್ ಕೊಟ್ಟ ಒಂದು ಕಾರಣ. ಸರಿಯಾದ ಮಾತು. ನೀರು ಹೊತ್ತು, ಹೊಲ ಅಗೆದು, ಮಕ್ಕಳನ್ನು ಸಾಕಿದ್ದು ಲೆಕ್ಕಕ್ಕಿಲ್ಲ, ಹಸು ಮಾತ್ರ ಲೆಕ್ಕಕ್ಕೆ ಅಂದರೆ ಹೇಗೆ?

ತೆರವನ್ನೇ ನಿಷೇಧಿಸಬೇಕಿತ್ತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದನ್ನು ತಮಗೆ ಸಲ್ಲುವ ಮರ್ಯಾದೆ ಎಂದುಕೊಂಡ ಹೆಂಗಸರೂ ಅಲ್ಲಿದ್ದಾರೆ. ಬಿಟ್ಟು ಹೊರಡುವ ದಾರಿ ತೆರೆದಿರಬೇಕು, ಅಷ್ಟೇ.

ಗಂಡ ಸತ್ತವಳ ಪಾಡು ಇನ್ನೂ ಕಷ್ಟ. ನೈಜೀರಿಯಾದ ಆವ್ಕಾ ಕಡೆಯ ಪ್ರಕರಣವೊಂದರಲ್ಲಿ, ಗಂಡುಮಗ ಇಲ್ಲ ಎಂದು ವಿಧವೆಗೆ ಆಸ್ತಿ ತಪ್ಪಿಸುವ ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ತಿರಸ್ಕರಿಸಿತು. ಅದಕ್ಕೂ ಮೊದಲೇ, 2003ರಲ್ಲಿ, ಆಫ್ರಿಕನ್ ಒಕ್ಕೂಟ ಮೊಜಾಂಬಿಕ್‌ನ ರಾಜಧಾನಿ ಮಾಪುಟೊದಲ್ಲಿ ಮಹಿಳಾ ಹಕ್ಕುಗಳ ಒಪ್ಪಂದವನ್ನು ಅಂಗೀಕರಿಸಿತ್ತು. ವಿಧವೆಗೆ ಆಸ್ತಿಯಲ್ಲಿ ನ್ಯಾಯವಾದ ಪಾಲು, ಗಂಡನ ಮನೆಯಲ್ಲೇ ಇರುವ ಹಕ್ಕು, ಇಷ್ಟಪಟ್ಟವನನ್ನು ಮದುವೆಯಾಗುವ ಹಕ್ಕು ಎಲ್ಲವೂ ಅದರಲ್ಲಿವೆ. ಆದರೆ ಹಳ್ಳಿಯಲ್ಲಿ ಜಮೀನಿನ ಮಾತು ನಡೆಯುವುದು ಗಂಡನ ಕುಲದ ಹಿರಿಯರ ಮುಂದೆ. ಕೈಯಲ್ಲಿ ಕಾಸಿಲ್ಲದವಳು ಸುಪ್ರೀಂ ಕೋರ್ಟ್‌ವರೆಗೆ ಹೋಗುವುದು ಸುಮ್ನೆ ಮಾತಲ್ಲ.

ನಿಮ್ಮ ವಿದೇಶ ಪುಟದಲ್ಲಿ ಆಫ್ರಿಕಾ ಅಂದರೆ ಬರ, ದಂಗೆ, ಚುನಾವಣೆ ಇಷ್ಟೇ. ಇಂಥ ತೀರ್ಪುಗಳು ಬಂದ ಮೇಲೆ ಊರುಗಳಲ್ಲಿ ಏನು ಬದಲಾಯಿತು ಎಂಬ ವರದಿಯನ್ನೂ ದಯವಿಟ್ಟು ಹಾಕಿ.

– ಒಬ್ಬ ಓದುಗಿ, ದಾವಣಗೆರೆ