ತೋಟದ ಪೊಟ್ಯಾಷ್ ಸಾಕು, ಗಾಮಾ ಪ್ರಯೋಗ ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ಲ್ಯಾಬಿನ ವಿಕಿರಣ ಆಕರ ಕೋಬಾಲ್ಟ್-60 ಹಳತಾಯಿತೆಂದು ಪದವಿ ಕಾಲೇಜುಗಳು ಗಾಮಾ ಕಿರಣಗಳನ್ನು ಅಳೆಯುವ ಪ್ರಯೋಗವನ್ನೇ ಬಿಡಬೇಕಿಲ್ಲ. ಐದೂಕಾಲು ವರ್ಷಕ್ಕೊಮ್ಮೆ ಅದರ ಬಲ ಅರ್ಧಕ್ಕಿಳಿಯುತ್ತದೆ, ನಿಜ. ಆದರೆ ನ್ಯೂಕ್ಲಿಯಸ್‌ನ ಉದ್ರಿಕ್ತ (ಹೆಚ್ಚುವರಿ ಶಕ್ತಿ ತುಂಬಿಕೊಂಡ) ಸ್ಥಿತಿಯನ್ನು ನೋಡಲು ಕೊಡಗಿನ ಯಾವ ಕಾಫಿ ತೋಟದ ಗೋದಾಮಿನಲ್ಲೂ ಸಿಗುವ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರ ಒಂದು ಕೆ.ಜಿ. ಇದ್ದರಾಯಿತು.

ಎಂಒಪಿಯ ತೂಕದಲ್ಲಿ ಅರ್ಧದಷ್ಟು ಪೊಟ್ಯಾಸಿಯಂ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಕ್ಷಯಿಸುತ್ತವೆ, ಕೆ.ಜಿ. ಗೊಬ್ಬರಕ್ಕೆ 15 ಸಾವಿರ ಆಯಿತು. (ಹೆದರಬೇಡಿ, ನಮ್ಮ ದೇಹದಲ್ಲೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ನಡೆಯುತ್ತಿರುತ್ತದೆ.) ಇವುಗಳಲ್ಲಿ ನೂರಕ್ಕೆ 11ರಷ್ಟು ಮಾತ್ರ ಆರ್ಗಾನ್-40ರ ಉದ್ರಿಕ್ತ ಸ್ಥಿತಿಗೆ ಬಂದು, ಪಿಕೋಸೆಕೆಂಡಿನ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಆಸುಪಾಸಿನಲ್ಲಿ 1461 ಕೆಇವಿ (ಶಕ್ತಿಯ ಅಳತೆ, ಕಿಲೋ ಎಲೆಕ್ಟ್ರಾನ್ ವೋಲ್ಟ್) ಗಾಮಾ ಹೊರಹಾಕುತ್ತವೆ. ಅಂದರೆ ಆ ಗಾಮಾ ಆರ್ಗಾನ್‌ನದು, ಪೊಟ್ಯಾಸಿಯಂನದಲ್ಲ. ಸೀಸಿಯಂ-137 ಆಕರ ಇಟ್ಟಾಗ ಕಾಣುವ 662 ಕೆಇವಿ ಕೂಡ ಸೀಸಿಯಂನದಲ್ಲ, ಬೇರಿಯಂ-137ರದು. ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ತಪ್ಪುವುದು ಇಲ್ಲೇ.

ಕ್ಯಾಲಿಬ್ರೇಷನ್‌ಗೆ (ಡಿಟೆಕ್ಟರಿನ ಯಾವ ಚಾನೆಲ್ ಎಷ್ಟು ಶಕ್ತಿಗೆ ಎಂದು ಗುರುತಿಸಲು) ಶಕ್ತಿ ಗೊತ್ತಿರುವ ಎರಡು ಬಿಂದು ಬೇಕು. ಸೀಸಿಯಂ-137 ಮೂವತ್ತು ವರ್ಷಕ್ಕೆ ಅರ್ಧವಾಗುವಂಥದ್ದು, ಹಳೆಯದಾದರೂ ನಡೆಯುತ್ತದೆ. ಇನ್ನೊಂದು ಗೋಡೆಯ ಥೋರಿಯಂನಿಂದ ತಾನಾಗಿ ಬರುವ 2614 ಕೆಇವಿ. ಬಳಿಕ ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಸುತ್ತ ಪೊಟ್ಯಾಷ್ ಪೊಟ್ಟಣ ಒತ್ತಿಟ್ಟು ಎರಡು ಗಂಟೆ ಎಣಿಸಿ. ಡಿಟೆಕ್ಟರನ್ನು ಬರಿದೇ ಇಟ್ಟು ತೆಗೆದ ಎಣಿಕೆಯನ್ನು ಇದರಲ್ಲಿ ಕಳೆಯುವುದು ಸರಿಯಲ್ಲ. ಕಲ್ಲು, ಇಟ್ಟಿಗೆಗಳಲ್ಲೂ ಪೊಟ್ಯಾಸಿಯಂ ಇದೆ, ಅಲ್ಲಿಂದ ಬರುವ ಗಾಮಾವನ್ನು ಪೊಟ್ಟಣವೇ ಒಂದಿಷ್ಟು ತಡೆಯುತ್ತದೆ. ಅಷ್ಟೇ ತೂಕದ ಅಡುಗೆ ಉಪ್ಪನ್ನು ಅದೇ ಆಕಾರದಲ್ಲಿ ಕಟ್ಟಿಟ್ಟು ಮತ್ತೆ ಎರಡು ಗಂಟೆ ಎಣಿಸಿ, ಅದನ್ನು ಕಳೆಯಿರಿ.

ನಮ್ಮಲ್ಲಿ ಜೂನ್ ಬಂತೆಂದರೆ ತೊಂದರೆ ಶುರು. ತೇವ ಹೀರಿದ ಪೊಟ್ಯಾಷ್ ತೂಕದಲ್ಲಿ ಮೋಸ ಮಾಡುತ್ತದೆ, ಒಣಗಿಸಿಯೇ ತೂಗಬೇಕು. ಡಿಟೆಕ್ಟರ್ ಡಬ್ಬಿಯ ಸೀಲು ಸಡಿಲಾದರೆ ಹರಳು ಹಳದಿಗಟ್ಟುತ್ತದೆ. ಎಣಿಕೆಯ ನಕ್ಷೆಯಲ್ಲಿ 662 ಶಿಖರದ ಅಗಲ ಅದರ ಶಕ್ತಿಯ ಶೇಕಡ 7–8ರಲ್ಲಿದ್ದುದು 10 ದಾಟಿದರೆ ಸಂಶಯಪಡಿ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಪೆಟ್ಟಿಗೆ ದುಬಾರಿಯೇನಲ್ಲ. ಕರೆಂಟು ಹೋಗಿ ಬಂದಾಗ ಹೈ ವೋಲ್ಟೇಜ್ ಗುಂಡಿ ಸೊನ್ನೆಯಲ್ಲಿರಲಿ, ಮೆಲ್ಲಗೆ ಏರಿಸಿ, ಅರ್ಧ ಗಂಟೆ ಬಿಡಿ. ಎಣಿಕೆಗೆ ಮೊದಲೂ ಆಮೇಲೂ 662 ಅದೇ ಚಾನೆಲ್‌ನಲ್ಲಿದೆಯೇ ನೋಡಿ. ಜರುಗಿದ್ದರೆ ಆ ಎಣಿಕೆ ಬೇಡ.

ಕ್ಷೀಣಿಸಿದ ಕೋಬಾಲ್ಟನ್ನೂ ಎಸೆಯುವಂತಿಲ್ಲ, ಹೆಚ್ಚು ಹೊತ್ತು ಎಣಿಸಿದರಾಯಿತು. ಅದರ 1173, 1332 ಕೆಇವಿ ಗಾಮಾಗಳೆರಡೂ ಕೋಬಾಲ್ಟ್ ಕ್ಷಯಿಸಿ ಆಗುವ ನಿಕಲ್-60ರ ಶಕ್ತಿಯ ಮೆಟ್ಟಿಲುಗಳು. ಕೂಡಿಸಿದರೆ ಮೇಲಿನ ಸ್ಥಿತಿ 2505. ಅದನ್ನು ಕೆಳಗಿನ ಸ್ಥಿತಿಯಾದ 1332ರಿಂದ ಭಾಗಿಸಿದರೆ 1.88. ಗುಂಡಗಿದ್ದು ಕಂಪಿಸುವ ನ್ಯೂಕ್ಲಿಯಸ್‌ಗೆ ಸಿದ್ಧಾಂತ ಹೇಳುವ ಈ ಅನುಪಾತ 2, ಉದ್ದುದ್ದವಾಗಿ ತಿರುಗುವುದಕ್ಕೆ 3.33. ಎರ್ಬಿಯಂ-166ರಲ್ಲಿ 81 ಮತ್ತು 265 ಕೆಇವಿ ಸ್ಥಿತಿಗಳಿವೆ, ಭಾಗಿಸಿ ನೋಡಿ. ಈ ಒಂದು ಸಾಲಿನ ಲೆಕ್ಕವನ್ನು ರೆಕಾರ್ಡಿನಲ್ಲಿ ಕಡ್ಡಾಯ ಮಾಡಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ನಮ್ಮ ಕೋರಿಕೆ.

– ಭೌತಶಾಸ್ತ್ರ ಅಧ್ಯಾಪಕರು, ಮಡಿಕೇರಿ