ಹಳದಿ ಬಣ್ಣದ ಮಿಲಿಟ್ರಿ ತಾತ

ಎಲ್ಲರಿಗೂ ನಮಸ್ಕಾರ.

ಈ ಸಂಚಿಕೆಗೆ ‘ಮನೆಯ ಹಳೆಯ ಫೋಟೋ’ ಅಂತ ವಿಷಯ ಕೊಟ್ಟವನು ನಾನೇ. ನಿಮ್ಮನ್ನೆಲ್ಲ ಹುಡುಕಲು ಹಚ್ಚಿ ನಾನು ಸುಮ್ನೆ ಕೂತರೆ ಆಗುತ್ತಾ? ಗೋಡೆಯಿಂದ ಒಂದು ಫೋಟೋ ಇಳಿಸಿದೆ. ಖಾಕಿ ಬಟ್ಟೆ, ಭುಜದ ಮೇಲೆ ಮೂರು ನಕ್ಷತ್ರ. ಅಮ್ಮನ ಅಪ್ಪ. ಮನೆಯಲ್ಲಿ ಎಲ್ಲರಿಗೂ ‘ಮಿಲಿಟ್ರಿ ತಾತ’. ಎರಡನೇ ಮಹಾಯುದ್ಧದಲ್ಲಿ ಡಾಕ್ಟರಾಗಿದ್ದರು, ಬರ್ಮಾ ಕಡೆ ಹೋಗಿದ್ದರು. ಗೊತ್ತಿದ್ದದ್ದು ಅಷ್ಟೇ. ನಾವು ಕೇಳಲಿಲ್ಲ, ಅವರಾಗಿ ಹೇಳಲಿಲ್ಲ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರುಗಳಿವೆ. ಎರಡು ರಾತ್ರಿ ನಿದ್ದೆಗೆಟ್ಟು ಹುಡುಕಿದೆ. ತಾತ ಇಲ್ಲ. ಹೇಗಿರುತ್ತಾರೆ? ಅದು ಯುದ್ಧದಲ್ಲಿ ತೀರಿಕೊಂಡವರ ಪಟ್ಟಿ. ತಾತ ಹೋದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ!

ಬದುಕಿ ಬಂದವರನ್ನು ಹುಡುಕುವುದೇ ಕಷ್ಟ. ಅಧಿಕಾರಿಗಳ ಹೆಸರಿದ್ದ ಇಂಡಿಯನ್ ಆರ್ಮಿ ಲಿಸ್ಟಿನ ಹಲವು ಹಳೆಯ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ನಮ್ಮ ಹೆಸರುಗಳ ಪಾಡು ನಿಮಗೆ ಗೊತ್ತಲ್ಲ. ‘ಮೂರ್ತಿ’ಯನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು. ‘ರಾವ್’ಗಳಂತೂ ಸಾಲುಸಾಲು. ಇನಿಷಿಯಲ್ ಒಂದೇ ದಿಕ್ಕು.

ಇನ್ನೊಂದು ತೊಡಕು, ಯಾವ ಇಲಾಖೆಯಲ್ಲಿ ಹುಡುಕಬೇಕು ಅನ್ನುವುದು. ಸಾಮಾನ್ಯವಾಗಿ ಮೆಡಿಕಲ್ ಡಿಗ್ರಿ ಇದ್ದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರುತ್ತಿದ್ದರು. ಎಲ್‌ಎಂಪಿ, ಅಂದರೆ ಡಿಗ್ರಿಗಿಂತ ಕೆಳಗಿನ ಡಾಕ್ಟರಿಕೆ ಕೋರ್ಸು, ಓದಿದವರು ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟಿನಲ್ಲಿ ಅಧಿಕಾರಿಗಳಿಗಿಂತ ಕೆಳಗಿನ ಜಮಾದಾರ್, ಸುಬೇದಾರ್ ದರ್ಜೆಯವರು. ಕೆಲಸ ಅದೇ, ಮರ್ಯಾದೆ ಬೇರೆ. 1943ರ ಏಪ್ರಿಲ್ 3ರಂದು ಇವೆರಡನ್ನೂ ಇಂಡಿಯನ್ ಹಾಸ್ಪಿಟಲ್ ಕೋರ್ ಜೊತೆ ಸೇರಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಮಾಡಿದರು.

ನನಗೆ ದಾರಿ ತೋರಿಸಿದ್ದು ಫೋಟೋದ ಹಿಂಬದಿ. ಮಾಸಿದ ಶಾಯಿಯಲ್ಲಿ ಒಂದು ನಂಬರು, ಪಕ್ಕದಲ್ಲಿ ‘ಫೀಲ್ಡ್ ಆಂಬುಲೆನ್ಸ್’. ತಾತ ಗಾಡಿಯಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದರು ಅಂತಲೇ ನಾನು ಅಂದುಕೊಂಡಿದ್ದೆ. ಅದು ಗಾಡಿಯಲ್ಲ. ಸೈನ್ಯದ ಬೆನ್ನ ಹಿಂದೆಯೇ ಓಡಾಡುವ, ಡಾಕ್ಟರು ಮತ್ತು ಡೋಲಿ ಹೊರುವವರೆಲ್ಲ ಇರುವ ಇಡೀ ತುಕಡಿ. ಅಲ್ಲಿ ಕಟ್ಟು ಹಾಕಿ ಹಿಂದಿನ ದೊಡ್ಡ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ನಂಬರು ಸಿಕ್ಕರೆ ಅರ್ಧ ಕೆಲಸ ಆದಂತೆ. ಯಾಕೆಂದರೆ ಒಬ್ಬ ಮನುಷ್ಯನ ಕಡತ ಕಳೆದುಹೋಗಿದ್ದರೂ ಅವನ ತುಕಡಿಯ ಯುದ್ಧ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಳಿದಿರಬಹುದು. ನಾನು ಕೇಳಿ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೀಗ 88. “ಯುದ್ಧ ಗಿದ್ಧ ನಂಗೆ ಗೊತ್ತಿಲ್ಲಪ್ಪ. ಅಪ್ಪ ವಾಪಸ್ ಬಂದಾಗ ಅರಿಶಿನ ಬಳಿದ ಹಾಗೆ ಇದ್ರು, ಅದು ನೆನಪಿದೆ” ಅಂದರು. ಕಾಮಾಲೆ ಅಂತ ಅಜ್ಜಿ ಹೆದರಿ ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಕುಡಿಸಿದರಂತೆ.

ಈ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬರ್ಮಾದ ಬಗ್ಗೆ ಓದುತ್ತಾ ಹೋದ ಹಾಗೆ ಗಂಟು ಬಿಚ್ಚಿತು. 1942ರಲ್ಲಿ ಜಪಾನಿನವರು ಜಾವಾ ಹಿಡಿದ ಮೇಲೆ ಮಲೇರಿಯಾಕ್ಕೆ ಕ್ವಿನೈನ್ ಸಿಗದಾಯಿತು. ಕ್ವಿನೈನ್ ತೆಗೆಯುವ ಸಿಂಕೋನಾ ಮರದ ತೊಗಟೆ ಜಗತ್ತಿಗೆ ಬರುತ್ತಿದ್ದದ್ದೇ ಹೆಚ್ಚಾಗಿ ಅಲ್ಲಿಂದ. ಬದಲಿಗೆ ಬಂದದ್ದು ಮೆಪಾಕ್ರಿನ್ ಮಾತ್ರೆ. ಕಹಿ ಅಂದ್ರೆ ಕಹಿ. ದಿನಾ ತಿಂದರೆ ಚರ್ಮ ಹಳದಿಯಾಗುತ್ತದೆ. ಗಂಡಸುತನ ಹೋಗುತ್ತೆ ಅಂತ ಗಾಳಿಸುದ್ದಿ ಬೇರೆ, ಹಾಗಾಗಿ ಸಿಪಾಯಿಗಳು ನುಂಗಿದಂತೆ ಮಾಡಿ ಉಗಿಯುತ್ತಿದ್ದರು. 1943ರಲ್ಲಿ ಗಾಯಗೊಂಡ ಒಬ್ಬನನ್ನು ಸಾಗಿಸಿದರೆ, ಕಾಯಿಲೆ ಬಿದ್ದ 120 ಜನರನ್ನು ಸಾಗಿಸಬೇಕಾಗುತ್ತಿತ್ತು ಅಂತ ಬರ್ಮಾದಲ್ಲಿ ಹೋರಾಡಿದ ಬ್ರಿಟಿಷರ 14ನೇ ಸೇನೆಯ ಮುಖ್ಯಸ್ಥ ಜನರಲ್ ಸ್ಲಿಮ್ ಬರೆದಿದ್ದಾರೆ. ಅವರು ಹೇಳದೆ ಕೇಳದೆ ತುಕಡಿಗಳ ತಪಾಸಣೆ ಮಾಡಿಸಿದರು. ಮಾತ್ರೆ ನುಂಗಿದವರು ನೂರಕ್ಕೆ 95ಕ್ಕಿಂತ ಕಡಿಮೆ ಇದ್ದರೆ ಅಲ್ಲಿನ ಅಧಿಕಾರಿಯನ್ನೇ ಮನೆಗೆ ಕಳಿಸಿದರು. ಮೂವರು ಹೋದ ಮೇಲೆ ಉಳಿದವರಿಗೆ ಬುದ್ಧಿ ಬಂತಂತೆ.

ನಾನು ಹುಡುಕುತ್ತಿದ್ದದ್ದು ಗುಂಡು, ಬಾಂಬಿನ ನಡುವಿನ ತಾತನನ್ನು. ಅವರು ಬಹುಶಃ ಬೆಳಿಗ್ಗೆ ಸಾಲಾಗಿ ನಿಂತ ಸಿಪಾಯಿಗಳಿಗೆ “ಬಾಯಿ ತೆರಿ, ನುಂಗಿದೆಯಾ ತೋರಿಸು” ಅನ್ನುತ್ತಿದ್ದರು. ನನಗೇನೋ ಈ ತಾತನೇ ಜಾಸ್ತಿ ಇಷ್ಟವಾದರು.

ನಿಮ್ಮ ಮನೆಯ ಫೋಟೋಗಳನ್ನು ಕಳಿಸುವಾಗ ದಯವಿಟ್ಟು ಹಿಂಬದಿಯದ್ದನ್ನೂ ಕಳಿಸಿ. ಮನೆಯಲ್ಲಿ 80 ದಾಟಿದವರಿದ್ದರೆ ಇಸವಿ, ರ‍್ಯಾಂಕು ಕೇಳಬೇಡಿ. ಬಂದಾಗ ಹೇಗಿದ್ದರು, ಪೆಟ್ಟಿಗೆಯಲ್ಲಿ ಏನಿತ್ತು ಅಂತ ಕೇಳಿ.

ಮಾತ್ರೆಯ ವಿಷಯ ದೊಡ್ಡಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅಲ್ಲ ಕಣೋ, ಅವರೇ ಡಾಕ್ಟರು. ಕಾಮಾಲೆ ಅಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ? ಮತ್ತೆ ಮೂರು ವಾರ ಅಷ್ಟು ಕಹಿ ಯಾಕೆ ಕುಡಿದ್ರು?”