ಒಂದೇ ವಾಲ್ವಿನ ಟ್ರಾನ್ಸ್‌ಮಿಟರ್ ಕಟ್ಟುವ ಮುನ್ನ

ಚಿ. ಅನಿರುದ್ಧನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಪಾಸಾದದ್ದು ಬಹಳ ಸಂತೋಷ. ಆದರೆ ಎರಡು 807 ವಾಲ್ವ್ ಹಾಕಿ ದೊಡ್ಡ ಟ್ರಾನ್ಸ್‌ಮಿಟರ್ ಕಟ್ಟುವ ಆತುರ ಈಗಲೇ ಬೇಡ. ಒಂದು 6ವಿ6 ವಾಲ್ವ್, ಫ್ರೀಕ್ವೆನ್ಸಿ ಗೊತ್ತುಮಾಡುವ ಒಂದು 7030 ಕಿಲೋಹರ್ಟ್ಸ್ ಕ್ರಿಸ್ಟಲ್, ಒಂದು ಮೋರ್ಸ್ ಕೀ, ಇಷ್ಟರಲ್ಲೇ ಕಟ್ಟು. ನಾಲ್ಕೈದು ವಾಟ್ ಬಂದರೆ ಸಾಕು. ಯಾವ ಭಾಗ ಏನು ಮಾಡುತ್ತಿದೆ ಎಂಬುದು ಮೀಟರಿನ ಮುಳ್ಳಿನಲ್ಲೇ ಕಾಣುತ್ತದೆ. ದೊಡ್ಡ ಸೆಟ್ಟಿನಲ್ಲಿ ಆ ಸುಖ ಸಿಗದು.

ಪವರ್ ಸಪ್ಲೈಗೆ ಹಳೇ ವಾಲ್ವ್ ರೇಡಿಯೊದ 250-0-250 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎರಡು 1ಎನ್4007 ಡಯೋಡ್, 10 ಹೆನ್ರಿ ಚೋಕ್, 47 ಮೈಕ್ರೊಫ್ಯಾರಡಿನ ಎರಡು ಕೆಪಾಸಿಟರ್. ಲೋಡ್ ಇಲ್ಲದಾಗ ಎಚ್‌ಟಿ (ವಾಲ್ವಿಗೆ ಕೊಡುವ ಹೈ ಟೆನ್ಷನ್ ಡಿಸಿ) 350 ವೋಲ್ಟ್ ಮುಟ್ಟುವುದರಿಂದ ಕೆಪಾಸಿಟರ್ 450 ವೋಲ್ಟಿನದೇ ಇರಲಿ. ರೇಡಿಯೊದಲ್ಲಿದ್ದ ಹಳೆಯವು ಒಣಗಿ ಲೀಕ್ ಆಗಿರುತ್ತವೆ, ಬಿಸಿಯಾಗಿ ಸಿಡಿದಾವು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೊಸದು ತಗೊ. ಕೆಪಾಸಿಟರಿನ ಚಾರ್ಜ್ ಇಳಿಸುವ 47 ಕಿಲೋ ಓಮ್, 10 ವಾಟಿನ ಬ್ಲೀಡರ್ ರೆಸಿಸ್ಟರ್ ಮರೆಯಬೇಡ. ಸ್ವಿಚ್ ಆರಿಸಿ ಅರ್ಧ ನಿಮಿಷ ಕಾದು, ಮೀಟರಿನಲ್ಲಿ ನೋಡಿಯೇ ಕೈ ಹಾಕು. ಬ್ಲೀಡರ್ ಕಡಿದುಹೋಗಿದ್ದರೆ ಚಾರ್ಜ್ ಹಾಗೇ ಉಳಿದಿರುತ್ತದೆ, ಅದು ಪ್ರಾಣಕ್ಕೇ ಅಪಾಯ. ಮೊದಲ ಸಲ ಕರೆಂಟ್ ಕೊಡುವಾಗ 60 ವಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕು. ಅದು ಪೂರ್ತಿ ಬೆಳಗಿ ಹಾಗೇ ನಿಂತರೆ ಎಲ್ಲೋ ಶಾರ್ಟ್ ಇದೆ.

ಹಳೇ ಸರ್ಕ್ಯೂಟುಗಳಲ್ಲಿ ಟ್ಯೂನಿಂಗ್ ಕಾಯಿಲ್ ಮೂಲಕವೇ ವಾಲ್ವಿನ ಪ್ಲೇಟಿಗೆ ಎಚ್‌ಟಿ ಹೋಗುತ್ತದೆ. ಹಾಗೆ ಮಾಡಬೇಡ, ಟ್ಯೂನ್ ಮಾಡುವ ಕೈಗೇ ಶಾಕ್ ಹೊಡೆದೀತು. 2.5 ಮಿಲಿಹೆನ್ರಿ ಆರ್‌ಎಫ್ ಚೋಕ್ ಮೂಲಕ ಪ್ಲೇಟಿಗೆ ಎಚ್‌ಟಿ ಕೊಟ್ಟು, 1000 ಪಿಕೊಫ್ಯಾರಡ್, 1 ಕಿಲೋವೋಲ್ಟಿನ ಕೆಪಾಸಿಟರ್ ದಾಟಿಸಿ ಕಾಯಿಲಿಗೆ ಜೋಡಿಸು. ಆಗ ಕಾಯಿಲನ್ನು ಟ್ಯೂನ್ ಮಾಡುವ ಗ್ಯಾಂಗ್ ಕಂಡೆನ್ಸರನ್ನು (ತಿರುಗಿಸಿ ಬದಲಿಸುವ ಕೆಪಾಸಿಟರ್) ನೇರವಾಗಿ ಚಾಸಿಗೇ ಕೂರಿಸಬಹುದು. ಕಾಯಿಲಿಗೆ 25 ಮಿ.ಮೀ. ಪಿವಿಸಿ ಪೈಪಿನ ಮೇಲೆ 22 ಗೇಜ್ ಎನಾಮಲ್ ತಂತಿ 16 ಸುತ್ತು; ಚಾಸಿ ಕಡೆಯ ತುದಿಯಲ್ಲಿ ಔಟ್‌ಪುಟ್ಟಿಗೆ 3 ಸುತ್ತು. ಕೀ ವಾಲ್ವಿನ ಕ್ಯಾಥೋಡ್ ಮತ್ತು ಚಾಸಿ ನಡುವೆ ಇರುವುದರಿಂದ, ಒತ್ತದೆ ಬಿಟ್ಟಾಗಲೂ ಅದರ ಒಂದು ಬದಿಗೆ ವೋಲ್ಟೇಜ್ ಇರುತ್ತದೆ. ಕೈ ತಗಲುವ ಲೋಹದ ಬದಿ ಚಾಸಿಗೇ ಹೋಗಲಿ.

ಲೈಸೆನ್ಸ್ ಬಂದ ಮೇಲೆಯೇ ಕೀ ಒತ್ತು. ಆಗಲೂ ಮೊದಲು ಆಂಟೆನಾ ಬದಲಿಗೆ ಹಾಕುವ ಡಮ್ಮಿ ಲೋಡಿಗೆ: 1 ಕಿಲೋ ಓಮ್, 1 ವಾಟಿನ 20 ಕಾರ್ಬನ್ ರೆಸಿಸ್ಟರುಗಳನ್ನು ಪ್ಯಾರಲಲ್ ಜೋಡಿಸಿದರೆ 50 ಓಮ್. ಗ್ಯಾಂಗ್ ಮುಚ್ಚುತ್ತಾ ಹೋದಂತೆ ಮೀಟರಿನಲ್ಲಿ ಕ್ಯಾಥೋಡ್ ಕರೆಂಟ್ ನಿಧಾನವಾಗಿ ಇಳಿದು ಒಮ್ಮೆಗೇ ಮೇಲಕ್ಕೆ ಹಾರುತ್ತದೆ. ಅಲ್ಲಿ ಆಸಿಲೇಷನ್ ನಿಂತಿತೆಂದೇ ಅರ್ಥ. ತೀರಾ ಕೆಳಗಿನ ಬಿಂದುವಿನಲ್ಲಿ ನಿಲ್ಲಿಸದೆ, ಗ್ಯಾಂಗನ್ನು ತುಸು ತೆರೆದು ಬಿಡು. ರಿಸೀವರಿನಲ್ಲಿ ನಿನ್ನ ಸಿಗ್ನಲನ್ನೇ ಕೇಳು. ಪ್ರತಿ ಡ್ಯಾಶಿನಲ್ಲೂ ಸ್ವರ ಜಾರಿದರೆ, ಕೀ ಒತ್ತಿದಾಗ ಎಚ್‌ಟಿ ಎಷ್ಟು ಕುಸಿಯುತ್ತದೆ ನೋಡು. ಅದು ಸರಿಯಿದ್ದರೆ ಕ್ರಿಸ್ಟಲ್ ಬಿಸಿಯಾಗುತ್ತಿದೆ. ಈಗಿನ ಸಣ್ಣ ಡಬ್ಬಿಯ ಕ್ರಿಸ್ಟಲುಗಳು ಹಳೆಯ ಎಫ್‌ಟಿ-243ರಷ್ಟು ಕರೆಂಟ್ ತಾಳವು, ಒಡೆದೇ ಹೋದಾವು. ವಾಲ್ವಿನ ಸ್ಕ್ರೀನ್ ಗ್ರಿಡ್ಡಿಗೆ ಎಚ್‌ಟಿ ಕೊಡುವ ರೆಸಿಸ್ಟರನ್ನು 22ರಿಂದ 47 ಕಿಲೋ ಓಮಿಗೆ ಏರಿಸು. ಪವರ್ ಸ್ವಲ್ಪ ಇಳಿಯಲಿ, ಸ್ವರ ನಿಲ್ಲಲಿ. ಆಂಟೆನಾ ಹಚ್ಚುವ ಮೊದಲು ಮೇಲಿನ ಫ್ರೀಕ್ವೆನ್ಸಿ ತಡೆಯುವ ಲೋ ಪಾಸ್ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಎರಡರಷ್ಟಾದ 14 ಮೆಗಾಹರ್ಟ್ಸಿನಲ್ಲೂ ನಿನ್ನ ಸಿಗ್ನಲ್ ಕೇಳಿಸುತ್ತದೆ.

ಕಟ್ಟಿದ ಮೇಲೆ ಕೀ ಒತ್ತಿದಾಗಿನ ಎಚ್‌ಟಿ, ಕ್ಯಾಥೋಡ್ ಕರೆಂಟ್ ಎರಡನ್ನೂ ಬರೆದು ಕಳಿಸು.

ಇಂತಿ ನಿನ್ನ
ದೊಡ್ಡಪ್ಪ